ಬಲ್ಬಿನ ಬೆಳಕಿನ ಸೇವಂತಿ

ಸಾತಲಿಂಗಪ್ಪ ಸಾವಕಾರರು ಸೇವಂತಿ ಹೊಲದ ಬದುವಿನ ಮೇಲೆ ನಿಂತು, ಧೋತರದ ಚುಂಗು ಎತ್ತಿ ಹಿಡಿದು, ಈ ತುದಿಯಿಂದ ಆ ತುದಿಯವರೆಗೆ ಎರಡು ಸಲ ಕಣ್ಣಾಡಿಸಿದರು. ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಹೂವಿನ ದೊಡ್ಡ ವ್ಯಾಪಾರ ಅವರದು. ಯಾರ ಹೊಲಕ್ಕೆ ಹೋದರೂ ಮೊದಲು ಬಾಯಿ ತುಂಬ ಹೊಗಳುವುದು, ಆಮೇಲೆ ದರ ಇಳಿಸುವುದು ಅವರ ಪದ್ಧತಿ. ಅದು ಗೊತ್ತಿದ್ದ ಹನ್ನೂರಿನ ಜನ ಅವರ ಹೊಗಳಿಕೆಗೆ ಹಿಗ್ಗುವುದನ್ನು ಎಂದೋ ಬಿಟ್ಟಿದ್ದರು. ಅವತ್ತು ಮಾತ್ರ ಹೊಗಳಿಕೆ ಮುಗಿದ ಮೇಲೆ ದರದ ಮಾತೇ ಬರಲಿಲ್ಲ.

“ಕಾಯ್ ಹೋ ಶಂಕರೆಪ್ಪ, ಗಿಡ ಏಕದಮ್ ಛಾನ ಬಂದಾವ. ಸೊಂಟದ ಮಟಾ ಬೆಳದಾವ. ಎಲಿಗೆ ಒಂದು ತೂತಿಲ್ಲ. ಖರೇ, ಮೊಗ್ಗಿ ಎಲ್ಲಿ ಅದಾವೋ ಮಾರಾಯಾ?”

“ಬರ್ತಾವ್ರಿ ಸಾವಕಾರ್ರ. ಗಿಡ ಜೋರ ಅದಾವಲ್ಲ, ಒಂದೀಟು ತಡಾ.”

“ಧರೆಪ್ಪನ ಹೊಲದಾಗ ಆಗಲೇ ಜೋಳದ ಕಾಳಿನಷ್ಟು ಮೊಗ್ಗಿ ಬಂದಾವ. ನಾ ದೀಪಾವಳಿ ಲಕ್ಷ್ಮೀಪೂಜಾಕ್ಕ ಪೇಟ್ಯಾಗಿನ ಅಂಗಡಿಗೆಲ್ಲ ನಿನ್ನ ಹೂವಿನ ಮ್ಯಾಲ ಮಾತು ಕೊಟ್ಟೀನಿ, ನೆನಪಿರಲಿ.”

ಬದುವಿನ ಈಚೆ ಚಹಾದ ಲೋಟ ಹಿಡಿದು ನಿಂತಿದ್ದ ಗುರುಬಾಯಿ ತಲೆ ತಗ್ಗಿಸಿದಳು. ಶಂಕರೆಪ್ಪನ ಹೆಂಡತಿ ಅವಳು, ಹೋಟಗಿಯ ಹುಡುಗಿ, ಈ ಮನೆಗೆ ಬಂದು ಮೂರನೆಯ ವರ್ಷ. ಮೊಗ್ಗು ಬಂದಿಲ್ಲವೆಂಬುದು ಅವಳಿಗೆ ಎಂಟು ದಿನದ ಹಿಂದೆಯೇ ಗೊತ್ತಾಗಿತ್ತು. ಯಾಕೆ ಬಂದಿಲ್ಲವೆಂಬುದೂ ತನಗೊಬ್ಬಳಿಗೇ ಗೊತ್ತು ಎಂದು ಅವಳು ತಿಳಿದಿದ್ದಳು.

ಆ ಹೊಲದ ಮಾತು ಸ್ವಲ್ಪ ಹೇಳಬೇಕು. ಹಿಂದಿನ ವರ್ಷ ಶಂಕರೆಪ್ಪನ ಸೇವಂತಿಯನ್ನೆಲ್ಲ ಕೀಡೆ ತಿಂದು ಹಾಕಿತ್ತು. ಹಸಿರು ಬಣ್ಣದ, ಕಿರುಬೆರಳಿನಷ್ಟು ಉದ್ದದ ಹುಳ. ಮೊಗ್ಗಿಗೆ ತೂತು ಕೊರೆದು, ಒಳಗೆ ತಲೆ ಹಾಕಿ, ಹಬ್ಬದ ಊಟಕ್ಕೆ ಕೂತವರ ಹಾಗೆ ಸಾವಕಾಶ ತಿನ್ನುವಂಥದು. ಪುಡಿ ಹೊಡೆದರೂ ಹೋಗಲಿಲ್ಲ. ಈ ವರ್ಷ ಬೇಸಿಗೆಯಲ್ಲಿ ಅಕ್ಕಲಕೋಟೆಯಲ್ಲಿ ಒಕ್ಕಲುತನದ ಪ್ರದರ್ಶನ ನಡೆದಾಗ ಶಂಕರೆಪ್ಪ ಒಂದು ಹೊಸ ಉಪಾಯ ನೋಡಿ ಬಂದ. ಶೇಂಗಾ ಹೊಲಕ್ಕೆ ಬೀಳುವ ಕಂಬಳಿಹುಳಕ್ಕೆಂದು ಅಲ್ಲಿ ತೋರಿಸಿದ್ದು: ಕಂಬಕ್ಕೊಂದು ದೊಡ್ಡ ಬಲ್ಬು, ಬಲ್ಬಿನ ಕೆಳಗೆ ನೀರು ತುಂಬಿದ ತಗಡಿನ ಬುಟ್ಟಿ, ನೀರಿನ ಮೇಲೆ ಒಂದಿಷ್ಟು ಚಿಮಣಿ ಎಣ್ಣೆ. ಹುಳದ ತತ್ತಿ ಇಡುವುದು ರೆಕ್ಕೆಯ ಪತಂಗವಲ್ಲವೇ, ಅದು ಬೆಳಕಿಗೆ ಬರುತ್ತದೆ, ಬಲ್ಬಿಗೆ ಬಡಿದು ನೀರಿಗೆ ಬಿದ್ದು ಸಾಯುತ್ತದೆ. ತತ್ತಿ ಇಡುವವರೇ ಸತ್ತರೆ ಹುಳ ಎಲ್ಲಿಂದ ಬಂದೀತು? ಹೊತ್ತು ಮುಳುಗಿದ ಮೇಲೆ ಎರಡು ತಾಸು ಹಚ್ಚಿದರೆ ಸಾಕು ಎಂದು ಅಲ್ಲಿಯ ಸಾಹೇಬರು ಹೇಳಿದ್ದರು.

ಶಂಕರೆಪ್ಪನಿಗೆ ಹೊಸದೆಂದರೆ ಪ್ರಾಣ. ಬಾವಿಯ ಮೋಟಾರಿಗೆ ಕರೆಂಟು ಬಂದು ಆಗಿನ್ನೂ ಎರಡನೆಯ ವರ್ಷ. ಮೋಟಾರು ಇಟ್ಟ ಖೋಲಿಯಿಂದ ತಂತಿ ಎಳೆದು, ಹತ್ತು ಗುಂಟೆ ಸೇವಂತಿಯಲ್ಲಿ ಮೂರು ಕಂಬ ನಿಲ್ಲಿಸಿ, ಮೂರಕ್ಕೂ ಕಣ್ಣು ಕುಕ್ಕುವಂಥ ಬಲ್ಬು ಹಾಕಿದ. ಶ್ರಾವಣದ ಮೊದಲ ಸಂಜೆಯೇ ಬುಟ್ಟಿಯಲ್ಲಿ ಬೊಗಸೆಗಟ್ಟಲೆ ಪತಂಗ. ಎರಡು ತಾಸಿಗೆ ಇಷ್ಟು ಸತ್ತರೆ ಇಡೀ ರಾತ್ರಿಗೆ ಎಷ್ಟು ಸಾಯಬಹುದು ಎಂದು ಲೆಕ್ಕ ಹಾಕಿ, ಸಂಜೆ ಹಚ್ಚಿದ ಬಲ್ಬನ್ನು ಬೆಳಗಿನವರೆಗೂ ಆರಿಸದೆ ಬಿಟ್ಟ. ಊರಿನವರು ಬಂದು ನೋಡಿ ಹೋದರು. ಶಂಕರೆಪ್ಪ ಕಟ್ಟೆಯ ಮೇಲೆ ಕೂತು ಮೀಸೆ ತಿರುವಿದ. ಗಿಡ ಎತ್ತರಕ್ಕೆ ಬೆಳೆದವು, ಎಲೆ ಕರಿ ಹಸಿರಾದವು, ಕೀಡೆ ಒಂದೂ ಕಾಣಲಿಲ್ಲ. ಮೊಗ್ಗೂ ಕಾಣಲಿಲ್ಲ.

ಸಾವಕಾರರು ಹೋದ ಮೇಲೆ ಅತ್ತೆ ಅಕ್ಕನಾಗಮ್ಮ ತಾನೇ ಹೊಲಕ್ಕೆ ಬಂದಳು. ಗಿಡದ ತುದಿಗಳನ್ನು ಬೆರಳಲ್ಲಿ ಬಿಡಿಸಿ ನೋಡಿದಳು. ತುದಿಯಲ್ಲಿ ಎಲೆಯೊಳಗೆ ಎಲೆ, ಅದರೊಳಗೆ ಮತ್ತೊಂದು ಎಲೆ. ಅವಳ ಮೋರೆ ಗಂಟಾಯಿತು.

“ಇದು ಕೀಡಿ ಕೆಲಸ ಅಲ್ಲ. ಇದು ಮುಟ್ಟಿನ ಕೆಲಸ. ಆಗಬಾರದ ದಿನದಾಗ ಯಾರೋ ಹೆಣ್ಣಮಗಳು ಈ ಹೊಲಾ ತುಳದಾಳ.”

ಆ ಮನೆಯಲ್ಲಿ ಮುಟ್ಟಾದ ಹೆಂಗಸರನ್ನು ಹೊರಗೆ ಕೂಡಿಸುತ್ತಿರಲಿಲ್ಲ. ಲಿಂಗ ಕಟ್ಟಿದವರಿಗೆ ಅದೆಲ್ಲ ಇಲ್ಲ ಎಂದು ಅಕ್ಕನಾಗಮ್ಮನೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳುತ್ತಿದ್ದಳು. ಆದರೆ ಹೂವಿನ ಹೊಲಕ್ಕೆ ಆ ರಿಯಾಯಿತಿ ಇರಲಿಲ್ಲ. ಅವಳ ಅತ್ತೆ ಅವಳಿಗೆ ಹೇಳಿದ್ದು, ಆ ಅತ್ತೆಗೆ ಅವಳ ಅತ್ತೆ ಹೇಳಿದ್ದು: ಆ ಮೂರು ದಿನ ಹೂವಿನ ಗಿಡದ ಮೇಲೆ ನೆರಳೂ ಬೀಳಬಾರದು, ಬಿದ್ದರೆ ಗಿಡ ಬಂಜೆಯಾಗುತ್ತದೆ. ಯಾಕೆ ಎಂದು ಕೇಳಿದ ಸೊಸೆ ಆ ಮನೆತನದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಗುರುಬಾಯಿ ಮಾತ್ರ ಹೋಗಿದ್ದಳು. ಶ್ರಾವಣದಲ್ಲಿ ಮೋಟಾರು ಸುಟ್ಟುಹೋಗಿ, ಅದನ್ನು ರಿಪೇರಿಗೆಂದು ಶಂಕರೆಪ್ಪ ಸೊಲ್ಲಾಪುರಕ್ಕೆ ಒಯ್ದಿದ್ದ. ಹೋಗುವಾಗ, “ಒಂದು ಸಂಜೀ ಸೈತ ಬಲ್ಬು ಹಚ್ಚೂದು ತಪ್ಪಬಾರ್ದು ನೋಡು, ಬುಟ್ಟಿ ನೀರು ದಿನಾ ಬದಲಿ ಮಾಡು” ಎಂದು ಎರಡೆರಡು ಸಲ ಹೇಳಿ ಹೋದ. ಅವನು ಬಸ್ಸು ಹತ್ತಿದ ಮರುದಿನವೇ ಅವಳ ದಿನಗಳು ಬಂದವು. ಅತ್ತೆಗೆ ಹೇಳಿದರೆ ಬಲ್ಬು ಹಚ್ಚುವವರು ಯಾರು? ಕರೆಂಟಿನ ಬಟನ್ ಎಂದರೆ ಅಕ್ಕನಾಗಮ್ಮ ಮಾರು ದೂರ ನಿಲ್ಲುತ್ತಿದ್ದಳು. ಗಂಡನ ಮಾತೋ, ಅತ್ತೆಯ ಮಾತೋ ಎಂದು ಒದ್ದಾಡಿ ಕೊನೆಗೆ ಬಾಯಿ ಮುಚ್ಚಿಕೊಂಡು ಮೂರೂ ದಿನ ಹೋದಳು. ಸತ್ತ ಪತಂಗದ ನೀರನ್ನು ಶಂಕರೆಪ್ಪ ದಾರಿಯ ಕಡೆಯ ಬದುವಿನಾಚೆ ಚೆಲ್ಲುತ್ತಿದ್ದ. ಅವಳಿಗೆ ದಾರಿಯಲ್ಲಿ ಯಾರಾದರೂ ನೋಡಿಯಾರೆಂಬ ಅಂಜಿಕೆ. ಬುಟ್ಟಿ ಹೊತ್ತುಕೊಂಡು ಗಿಡಗಳ ನಡುವೆಯೇ ನುಗ್ಗಿ ಮೋಟಾರಿನ ಖೋಲಿಯ ಹಿಂದೆ ಹೋಗಿ ಚೆಲ್ಲಿ ಬರುತ್ತಿದ್ದಳು.

ಈಗ ಗಿಡ ಬಂಜೆಯಾಗಿ ನಿಂತಿದ್ದವು. ಮದುವೆಯಾಗಿ ಮೂರು ವರ್ಷವಾದರೂ ಮಡಿಲು ತುಂಬದ ಹೆಣ್ಣಿಗೆ ಆ ಶಬ್ದ ಎಲ್ಲಿ ಚುಚ್ಚುತ್ತದೆಂದು ಬೇರೆ ಹೇಳಬೇಕಾಗಿಲ್ಲ. ತಾನು ಮಾಡಿದ್ದು ಗೊತ್ತಾದರೆ ಹೊಲ ಕೆಡಿಸಿದವಳು ಎಂದು ಒಂದು ಹೆಸರು, ಅದಕ್ಕೇ ಮಕ್ಕಳಾಗಿಲ್ಲ ಎಂದು ಇನ್ನೊಂದು. ಎರಡೂ ಹೆಸರು ಹೊತ್ತುಕೊಂಡು ಹೋಟಗಿಗೆ, ಅಪ್ಪನ ರೈಲ್ವೆ ಖೋಲಿಗೆ ಹೋಗಿ ಕೂರಬೇಕು.

ಅಕ್ಕನಾಗಮ್ಮ ಅವಳನ್ನು ಕೇಳಲಿಲ್ಲ. ಮನೆಯ ಸೊಸೆಗೆ ನಿಯಮ ಗೊತ್ತಿದೆ ಎಂದೇ ಅವಳ ನಂಬಿಕೆ. ನೇರವಾಗಿ ಸಕ್ಕುಬಾಯಿಯನ್ನು ಕರೆಸಿದಳು. ನಲವತ್ತರ ಆಸುಪಾಸಿನ, ಗಂಡನಿಲ್ಲದ ಹೆಂಗಸು. ಆರು ವರ್ಷದಿಂದ ಆ ಹೊಲದಲ್ಲಿ ಕಳೆ ತೆಗೆದವಳು, ಹೂ ಬಿಡಿಸಿದವಳು.

“ಖರೆ ಹೇಳು ಸಕ್ಕಿ. ಕೂಲಿ ತಪ್ಪತೈತಂತ ಆ ದಿನದಾಗ ಬಂದಿ ಹೌದಿಲ್ಲೋ?”

“ಇಲ್ರೆವ್ವಾ. ಆರು ವರ್ಷದಾಗ ಒಮ್ಮಿನೂ ಬಂದಿಲ್ಲ.”

“ಹಂಗಾರ ದೇವರ ಮುಂದ ದೀಪಾ ಮುಟ್ಟಿ ಹೇಳು. ನಾ ಹೋಗಿಲ್ಲ, ಹೋದವರನ್ನ ನೋಡೂ ಇಲ್ಲ, ಅನ್ನು.”

ಸಕ್ಕುಬಾಯಿ ದೀಪದ ಕಡೆಗೆ ಕೈ ಚಾಚಿದವಳು ಅರ್ಧಕ್ಕೆ ನಿಲ್ಲಿಸಿದಳು. ಬಾಗಿಲ ಬಳಿ ನಿಂತ ಗುರುಬಾಯಿಯ ಕಡೆ ಒಮ್ಮೆ ನೋಡಿದಳು. ಕೈ ಹಿಂದಕ್ಕೆ ಸರಿಸಿದಳು.

“ನಾ ಆಣಿ ಮಾಡಂಗಿಲ್ರಿ. ನನ್ನ ಬಾಯಿಮಾತು ನಂಬೂದಿದ್ರ ನಂಬ್ರಿ.”

“ನೋಡಿದಿ ಗುರುಬಾಯಿ? ದೀಪಾ ಮುಟ್ಟಾಕ ಕೈ ಬರವಲ್ದು!” ಅಕ್ಕನಾಗಮ್ಮನ ದನಿ ಓಣಿಯವರೆಗೆ ಹೋಯಿತು. “ನಡಿ ಹೊರಗ. ಇನ್ನ ಈ ಹೊಲದ ಬದು ತುಳಿದ್ರ ನೋಡು.”

ಗುರುಬಾಯಿ ಬಾಯಿ ತೆರೆದಳು. ಹಾಗೆಯೇ ಮುಚ್ಚಿದಳು. ಸಕ್ಕುಬಾಯಿ ಸೆರಗು ತಲೆಯ ಮೇಲೆ ಎಳೆದುಕೊಂಡು ಅವಳ ಪಕ್ಕದಿಂದಲೇ ಹೊರಗೆ ಹೋದಳು.

ಹೂ ಕೆಡಿಸಿದವಳೆಂಬ ಸುದ್ದಿ ಹನ್ನೂರಿನಲ್ಲಿ ಹರಡುವುದಕ್ಕೆ ಸಂಜೆಯವರೆಗೂ ಕಾಯಬೇಕಾಗಲಿಲ್ಲ. ಮರುದಿನ ಧರೆಪ್ಪನ ಹೊಲದವರೂ ಸಕ್ಕುಬಾಯಿಯನ್ನು ಒಳಗೆ ಬಿಡಲಿಲ್ಲ. ಚೆಂಡುಹೂ ಬೆಳೆದವರೂ ಕರೆಯಲಿಲ್ಲ. ಹಬ್ಬದ ಸುಗ್ಗಿಯಲ್ಲಿ ಊರಿನ ಹೆಂಗಸರೆಲ್ಲ ಹೂವಿನ ಕೆಲಸಕ್ಕೆ ಹೊರಟರೆ ಅವಳು ಮುಂಜಾನೆ ಲಾರಿ ಹತ್ತಿ ಹೋಟಗಿಯ ರೈಲ್ವೆ ಹಳಿಗೆ ಹಾಕುವ ಜಲ್ಲಿಕಲ್ಲಿನ ಖಡಿ ಹೊರಲು ಹೊರಟಳು. ಸಂಜೆ ಅವಳು ಲಾರಿಯಿಂದ ಇಳಿದು ಬರುವಾಗ ಗುರುಬಾಯಿ ಕಿಡಕಿಯ ಮರೆಯಿಂದ ನೋಡುತ್ತಿದ್ದಳು. ಸಕ್ಕುಬಾಯಿ ಎರಡೂ ಅಂಗೈಗೆ ಹಳೆ ಬಟ್ಟೆ ಸುತ್ತಿಕೊಂಡಿರುತ್ತಿದ್ದಳು. ಇವತ್ತು ಹೇಳಿಬಿಡುತ್ತೇನೆ ಎಂದು ಗುರುಬಾಯಿ ದಿನವೂ ಎದ್ದಳು. ನಾಳೆ ಹೇಳುತ್ತೇನೆ ಎಂದು ದಿನವೂ ಮಲಗಿದಳು. ನಡುವೆ ಇನ್ನೊಂದು ಭಯ ಹೊಕ್ಕಿತು. ನವರಾತ್ರಿಗೆ ಘಟ ಹಾಕಿ ದೀಪ ಹಚ್ಚುವ ದಿನ ಹತ್ತಿರ ಬಂದಿತ್ತು. ಅತ್ತೆ ಆ ದೀಪದ ಮುಂದೆ ತನ್ನನ್ನೂ ನಿಲ್ಲಿಸಿ ಅದೇ ಮಾತು ಆಡಿಸಿದರೆ? ಸುಳ್ಳು ಹೇಳಿದರೆ ಬಸಿರು ಎಂದಿಗೂ ನಿಲ್ಲುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು.

ಸಕ್ಕುಬಾಯಿ ಇಲ್ಲದ್ದರಿಂದ ಕಳೆ ತೆಗೆಯುವ ಕೆಲಸ ಗುರುಬಾಯಿಯ ಪಾಲಿಗೆ ಬಂತು. ಒಂದು ಮಧ್ಯಾಹ್ನ ಕಳೆ ಕೀಳುತ್ತ ಕೀಳುತ್ತ ಮೋಟಾರಿನ ಖೋಲಿಯ ಹಿಂದಕ್ಕೆ ಹೋದಳು. ಅಲ್ಲಿ ಖೋಲಿಯ ಗೋಡೆಗೂ ಜಾಲಿಮುಳ್ಳಿನ ಬೇಲಿಗೂ ನಡುವೆ ಹತ್ತಿಪ್ಪತ್ತು ಗಿಡ ಇದ್ದವು. ಯಾರೂ ಅತ್ತ ಹೋಗುತ್ತಿರಲಿಲ್ಲ. ಗಿಡ ಗಿಡ್ಡ, ಎಲೆಯೂ ಅಷ್ಟಕ್ಕಷ್ಟೇ. ಆದರೆ ಒಂದೊಂದರ ತುದಿಯಲ್ಲೂ ಮೊಗ್ಗು. ಕಡಲೆ ಗಾತ್ರದ, ಹಳದಿ ಇಣುಕುವ ಮೊಗ್ಗು.

ಅವಳು ಕಳೆ ಕೀಳುವ ಕುರ್ಚಗಿ ಕೆಳಗಿಟ್ಟು ಕೂತೇಬಿಟ್ಟಳು. ಯಾರೂ ಕಾಲಿಡದ ಜಾಗ ಇದೊಂದೇ, ಅದಕ್ಕೇ ಇಲ್ಲಿ ಬಂದಿವೆ ಎಂಬುದು ಮೊದಲು ಬಂದ ಯೋಚನೆ. ಅಷ್ಟರಲ್ಲಿ ಗೋಡೆಯ ಬುಡದಲ್ಲಿ ಒಣಗಿ ಅಂಟಿದ ಪತಂಗದ ರೆಕ್ಕೆಗಳು ಕಂಡವು. ಅಯ್ಯೋ, ಇಲ್ಲಿಯೇ ಅಲ್ಲವೇ ಮೂರೂ ದಿನ ಬುಟ್ಟಿ ಚೆಲ್ಲಿದ್ದು! ಇವೇ ಗಿಡಗಳನ್ನು ಸೀರೆಯಿಂದ ಸವರಿಕೊಂಡು, ಕೈಯಿಂದ ಸರಿಸಿಕೊಂಡು ಓಡಾಡಿದ್ದಳು. ಇಡೀ ಹೊಲದಲ್ಲಿ ಅವಳು ಎಲ್ಲಕ್ಕಿಂತ ಹೆಚ್ಚು ಮುಟ್ಟಿದ್ದ ಗಿಡಗಳೆಂದರೆ ಇವೇ.

ಹಾಗಾದರೆ ಉಳಿದ ಗಿಡಗಳಿಗೆ ಏನಾಯಿತು? ಮಣ್ಣು ಅದೇ, ಬಾವಿಯ ನೀರು ಅದೇ, ತಾನೇ ಹೋಟಗಿಯಿಂದ ತಂದು ಹಚ್ಚಿದ ಸಸಿಗಳೂ ಅವೇ. ಹೊತ್ತು ಮುಳುಗುವವರೆಗೂ ಅವಳು ಅಲ್ಲಿಂದ ಏಳಲಿಲ್ಲ. ಸಂಜೆ ಶಂಕರೆಪ್ಪ ಬಂದು ಖೋಲಿಯೊಳಗೆ ಬಟನ್ ಒತ್ತಿದ. ಮೂರೂ ಬಲ್ಬು ಒಮ್ಮೆಗೇ ಹತ್ತಿಕೊಂಡವು. ಹೊಲವೆಲ್ಲ ಹಾಲು ಚೆಲ್ಲಿದಂತಾಯಿತು, ಅವಳು ಕೂತ ಜಾಗ ಮಾತ್ರ ಕತ್ತಲೆಯಲ್ಲಿ ಉಳಿಯಿತು. ಖೋಲಿಯ ನೆರಳು ನೆಲದ ಮೇಲೆ ಗೆರೆ ಎಳೆದಿತ್ತು. ಅವಳು ಎದ್ದು ಆ ಗೆರೆಯ ಗುಂಟ ಗಿಡದ ತುದಿಗಳನ್ನು ಮುಟ್ಟುತ್ತ ನಡೆದಳು. ನೆರಳಿನ ಒಳಗಿದ್ದ ಗಿಡದಲ್ಲಿ ಮೊಗ್ಗಿತ್ತು. ಒಂದು ಗೇಣು ಆಚೆ, ಬೆಳಕು ಬಿದ್ದ ಗಿಡದಲ್ಲಿ ಬರೀ ಎಲೆ. ಗೆರೆಯ ಮೇಲೇ ನಿಂತ ಒಂದು ಗಿಡಕ್ಕೆ ಈ ಮಗ್ಗುಲ ಟೊಂಗೆಯಲ್ಲಿ ಮೊಗ್ಗು, ಆ ಮಗ್ಗುಲ ಟೊಂಗೆ ಬೋಳು.

ಕಣ್ಣಲ್ಲಿ ನೀರು ಬಂತು. ನಾನಲ್ಲ, ನಾನು ಮಾಡಿದ್ದಲ್ಲ! ಎಷ್ಟೋ ದಿನದ ಮೇಲೆ ಅವಳು ಹೊಟ್ಟೆ ತುಂಬ ಉಸಿರು ತೆಗೆದುಕೊಂಡಳು.

ಮರುದಿನ ಸಂಜೆ ಗಂಡನನ್ನೂ ಅತ್ತೆಯನ್ನೂ ಖೋಲಿಯ ಹಿಂದೆ ಕರೆತಂದು ನಿಲ್ಲಿಸಿದಳು.

“ನೋಡ್ರಿ. ಬೆಳಕ ಬೀಳಲಾರದಲ್ಲಿ ಅಷ್ಟs ಮೊಗ್ಗಿ ಬಂದಾವ. ಬಲ್ಬು ಆರಸ್ರಿ. ಗಿಡಕ್ಕೂ ರಾತ್ರಿ ಬೇಕಾಗತೈತಿ ಕಾಣತೈತಿ. ನಾವು ಅದಕ್ಕ ಮಲಗಾಕs ಬಿಟ್ಟಿಲ್ಲ.”

ಶಂಕರೆಪ್ಪನ ಮೋರೆ ಕೆಂಪಾಯಿತು. ಊರಿಗೆಲ್ಲ ತೋರಿಸಿದ ಬಲ್ಬು ಅದು. “ಹುಚ್ಚಿಯಂಗ ಮಾತಾಡಬ್ಯಾಡ. ಬೆಳಕಿನಿಂದ ಗಿಡಾ ಬೆಳೀತಾವೋ ಕೆಡತಾವೋ? ಹಂಗಿದ್ರ ಸೂರ್ಯಾನೂ ಆರಸಬೇಕಾಗತೈತಿ.”

ಅಕ್ಕನಾಗಮ್ಮ ಮೊಗ್ಗು ಮುಟ್ಟಿ ನೋಡಿ ತಲೆದೂಗಿದಳು. “ಬೆಳಕೂ ಇಲ್ಲ ಗಿಳಕೂ ಇಲ್ಲ. ಈ ಮೂಲ್ಯಾಗ ಆ ಸಕ್ಕಿ ಕಾಲಿಟ್ಟಿಲ್ಲ, ಅದಕ್ಕs ಬಂದಾವ. ನಾ ಹೇಳಿದ್ದು ಖರೆ ಆತಿಲ್ಲೋ?”

ಗಿಡ ತೋರಿಸಿದರೆ ಸಾಕು, ತನ್ನ ಮಾತು ಹೇಳಬೇಕಾಗಿಲ್ಲ ಎಂದು ಗುರುಬಾಯಿ ರಾತ್ರಿಯೆಲ್ಲ ಲೆಕ್ಕ ಹಾಕಿದ್ದಳು. ಲೆಕ್ಕ ತಪ್ಪಿತ್ತು. ಈಗ ಸುಮ್ಮನಿದ್ದರೆ ಬಲ್ಬು ಉರಿಯುತ್ತಲೇ ಇರುತ್ತದೆ, ಇರುವ ಗಿಡವೂ ಹೋಗುತ್ತದೆ, ಸಕ್ಕುಬಾಯಿಯ ಹೆಸರಿಗೆ ಇನ್ನೊಂದು ಮೊಳೆ ಬೀಳುತ್ತದೆ. ಗೋಡೆಗೆ ಕೈ ಆನಿಸಿ ನಿಂತು ಹೇಳಿದಳು.

“ಅತ್ತ್ಯಾರ, ಸಕ್ಕವ್ವ ಹೋಗಿಲ್ಲ. ಹೋದಾಕಿ ನಾನು. ಇವ್ರು ಮೋಟಾರು ಒಯ್ದಾಗ ಮೂರೂ ದಿನ ನಾ ಮುಟ್ಟಾಗಿದ್ದೆ. ಬಲ್ಬು ಹಚ್ಚಾಕ ಬಂದೆ. ಬುಟ್ಟಿ ನೀರು ಇಲ್ಲೇ ಚೆಲ್ಲಿದೆ, ಇದs ಗಿಡದ ಬುಡಕ್ಕ. ಬೇಕಾದ್ರ ರೆಕ್ಕಿ ನೋಡ್ರಿ. ನಾ ಮುಟ್ಟಿದ್ದಕ್ಕ ಕೆಡೂದಿದ್ರ ಮೊದಲ ಇವು ಕೆಡಬೇಕಾಗಿತ್ತು.”

ಅಕ್ಕನಾಗಮ್ಮ ಬಗ್ಗಿ ರೆಕ್ಕೆಗಳನ್ನು ನೋಡಿದಳು. ಮೊಗ್ಗುಗಳನ್ನು ನೋಡಿದಳು. ಕೂಗಾಡುತ್ತಾಳೆಂದು ಗುರುಬಾಯಿ ಕಣ್ಣು ಮುಚ್ಚಿ ನಿಂತಿದ್ದಳು. ಮುದುಕಿ ಕೂಗಾಡಲಿಲ್ಲ.

“ಮೂರೂ ದಿನಾ?”

“ಮೂರೂ ದಿನಾರಿ.”

“ನಮ್ಮತ್ತಿ ಹೇಳಿದ್ಲಲ್ಲ...” ಎಂದು ಅಕ್ಕನಾಗಮ್ಮ ಶುರುಮಾಡಿ ಮಗನ ಕಡೆ ತಿರುಗಿದಳು. “ಶಂಕ್ರ್ಯಾ, ಆರಸೋ ಅದನ್ನ.”

ಶಂಕರೆಪ್ಪ ಗೊಣಗಿದ, ನೆಲ ಒದ್ದ, ನೆರಳಿನ ಗೆರೆಯ ಮೇಲೆ ಅತ್ತಿಂದಿತ್ತ ನಡೆದು ತಾನೂ ತುದಿಗಳನ್ನು ಮುಟ್ಟಿ ನೋಡಿದ. ಅರ್ಧ ಬೋಳಾದ ಆ ಒಂದು ಗಿಡದ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ಖೋಲಿಯೊಳಗೆ ಹೋದ. ಹೊಲ ಕತ್ತಲಾಯಿತು. ಇನ್ನು ಮೊಗ್ಗು ಬಂದರೂ ದೀಪಾವಳಿ ಕಳೆದ ಮೇಲೆಯೇ, ಸಾವಕಾರರಿಗೆ ಯಾವ ಮೋರೆ ತೋರಿಸುವುದು ಎಂದು ಕತ್ತಲಲ್ಲೇ ಅವನ ದನಿ ಕೇಳಿತು.

ಮನೆಗೆ ಹೋಗುವ ದಾರಿಯಲ್ಲಿ ಅಕ್ಕನಾಗಮ್ಮ ಸೊಸೆಯ ಮೊಣಕೈ ಹಿಡಿದಳು. “ಆಗಿದ್ದು ಆತು. ನೀ ಹೋಗಿದ್ದು ನಮ್ಮ ಮನಿ ಹೊಸ್ತಿಲಾ ದಾಟಬಾರ್ದು. ಸಕ್ಕೀನ ನಾಕು ದಿನಾ ಬಿಟ್ಟು ಸುಮ್ಮ ಕರಸೂಣು. ಯಾಕ, ಏನ ಅಂತ ಯಾರಿಗೂ ಹೇಳೂದು ಬ್ಯಾಡ.”

ಗುರುಬಾಯಿ ಮೊಣಕೈ ಬಿಡಿಸಿಕೊಂಡು ಮುಂದೆ ನಡೆದಳು.

ಬೆಳಗಾಗುತ್ತಲೇ ನೀರಿಗೆ ಹೋಗುವ ನೆಪದಲ್ಲಿ ಕೊಡ ಎತ್ತಿಕೊಂಡು ಲಾರಿ ನಿಲ್ಲುವ ಬೇವಿನ ಮರದ ಹತ್ತಿರ ಹೋದಳು. ಖಡಿ ಹೊರುವ ಹೆಂಗಸರು ಬುತ್ತಿಯ ಗಂಟು ಹಿಡಿದು ಕೂತಿದ್ದರು. ಸಕ್ಕುಬಾಯಿ ಒಂದು ಬದಿಗೆ ಕೂತು ಅಂಗೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಗುರುಬಾಯಿ ಕೊಡ ಕೆಳಗಿಟ್ಟಳು. ಎಲ್ಲರಿಗೂ ಕೇಳುವಂತೆ ಹೇಳಿದಳು: ಹೊಲಕ್ಕೆ ಹೋದವಳು ತಾನು, ಸಕ್ಕವ್ವ ಅಲ್ಲ, ಗಿಡ ಕೆಟ್ಟದ್ದು ಬಲ್ಬಿನ ಬೆಳಕಿಗೆ, ಯಾರ ಮುಟ್ಟಿಗೂ ಅಲ್ಲ, ಖೋಲಿಯ ಹಿಂದೆ ತಾನು ಓಡಾಡಿದಲ್ಲೇ ಮೊಗ್ಗು ಬಂದಿವೆ, ಬೇಕಾದವರು ಬಂದು ನೋಡಬಹುದು. ಹೆಂಗಸರು ಬಾಯಿಗೆ ಸೆರಗು ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು.

ಗುರುಬಾಯಿ ಸಕ್ಕುಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. “ಸಕ್ಕವ್ವ, ನಂದು ತಪ್ಪಾತು. ಖಡಿಗೆ ಹೋಗಬ್ಯಾಡ, ಹೊಲಕ್ಕ ಬಾ.”

“ನೀವು ಹೋಗಿದ್ದು ನಂಗ ಗೊತ್ತಿತ್ರಿ ಸಣ್ಣವ್ವಾರ.” ಸಕ್ಕುಬಾಯಿ ಬಟ್ಟೆಯ ಗಂಟನ್ನು ಹಲ್ಲಿನಿಂದ ಬಿಗಿದಳು. “ನೀವು ಬಚ್ಚಲದಾಗ ಮುಟ್ಟಿನ ಅರಬಿ ಒಗದು ಹಾಕಿದ್ದನ್ನೂ ನೋಡಿದ್ದೆ, ಅವತ್ತ ಸಂಜೀಕ ಬುಟ್ಟಿ ಹೊತ್ತು ಖೋಲಿ ಹಿಂದ ಹೋಗಿದ್ದನ್ನೂ ನೋಡಿದ್ದೆ. ಹೋದವರನ್ನ ನೋಡಿಲ್ಲ ಅಂತ ದೀಪಾ ಮುಟ್ಟಿ ಹೆಂಗ ಹೇಳ್ಲಿ?”

ಗುರುಬಾಯಿ ಅವಳ ಕೈ ನೋಡಿದಳು. ಆವತ್ತು ಅರ್ಧಕ್ಕೆ ನಿಂತ ಕೈ ತನಗಾಗಿ ನಿಂತಿತ್ತು. ಆ ಕೈಗೆ ಈಗ ಬಟ್ಟೆ ಸುತ್ತಿತ್ತು. “ನನ್ನ ಹೆಸರು ಹೇಳಿಬಿಡಬೇಕಿಲ್ಲೇನು?”

“ನಾ ಯಾಕ ಹೇಳ್ಲಿರಿ? ನೀವs ಹೇಳ್ತೀರಿ ಅಂತ ಕಾಯ್ದೆ. ಬಾಗಲದಾಗ ನಿಂತಿದ್ರಿ, ಬಾಯಿ ತೆರದ್ರಿ. ಈಗ ಹೇಳ್ತಾರ, ಈಗ ಹೇಳ್ತಾರ ಅಂದ್ಕೊಂಡs ಹೊರಗ ಬಂದೆ.”

ದೂರದಲ್ಲಿ ಲಾರಿಯ ಸದ್ದು ಕೇಳಿತು. ಹೆಂಗಸರು ಏಳತೊಡಗಿದರು. ಸಕ್ಕುಬಾಯಿಯೂ ಬುತ್ತಿಯ ಗಂಟು ಎತ್ತಿಕೊಂಡು ಎದ್ದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಕೇಳಿ ತಿಳಿದುಕೊಳ್ಳಬೇಕು ಎಂಬುದಷ್ಟೇ ಇತ್ತು.

“ಒಂದು ಮಾತು ಹೇಳ್ರಿ. ಖೋಲಿ ಹಿಂದ ಆ ಮೊಗ್ಗಿ ಸಿಗಲಿಲ್ಲಂದ್ರ, ಇವತ್ತ ಬರ್ತಿದ್ರೇನ್ರಿ?”

ಬರುತ್ತಿದ್ದೆ ಎಂಬ ಮಾತು ಗುರುಬಾಯಿಯ ನಾಲಗೆಯ ತುದಿಗೇ ಬಂದಿತ್ತು. ಅಷ್ಟೂ ಹೆಂಗಸರು ಕೇಳುತ್ತ ನಿಂತಿದ್ದರು. ಕಿಡಕಿಯ ಮರೆಯಲ್ಲಿ ನಿಂತ ಸಂಜೆಗಳೆಲ್ಲ ಅವಳಿಗೆ ಕಣ್ಣೆದುರು ಬಂದವು.

“ಬರ್ತಿದ್ದಿಲ್ಲ ಸಕ್ಕವ್ವ” ಎಂದಳು.

ಸಕ್ಕುಬಾಯಿ ತಲೆಯಾಡಿಸಿದಳು. “ನಂಗೂ ಹಂಗs ಅನಿಸಿತ್ರಿ” ಎಂದು ಲಾರಿಯ ಹಿಂಬದಿಯ ಸರಪಳಿ ಹಿಡಿದು ಮೇಲೆ ಹತ್ತಿದಳು. ಮೊದಲೇ ಹತ್ತಿದ್ದವರು ಸರಿದು ಅವಳಿಗೆ ನಡುವೆ ಜಾಗ ಮಾಡಿಕೊಟ್ಟರು. ಲಾರಿ ಹೋಟಗಿಯ ಕಡೆಗೆ ಹೊರಟಿತು, ಗುರುಬಾಯಿ ಧೂಳಿನಲ್ಲಿ ಅಲ್ಲೇ ಕೂತಿದ್ದಳು.